'ಅಪರೂಪ'ದ ಹಾವು: ಕಾಡಿನಲ್ಲೋ, ಅಂಗಡಿಯಲ್ಲೋ?

ಕೊಟ್ಟಿಗೆಯಲ್ಲಿ ಕೇರೆ ಹಾವು ಕಂಡರೆ ನಮ್ಮೂರಿನ ಹಿರಿಯರು ಹೇಳುವ ಮಾತು ಒಂದೇ: ಅದು ಹಸುವಿನ ಕಾಲಿಗೆ ಸುತ್ತಿಕೊಂಡು ಕೆಚ್ಚಲಿನಿಂದ ಹಾಲು ಕುಡಿಯುತ್ತದೆ. ಅಮೆರಿಕದ ರೈತರೂ ತಮ್ಮ ಕೊಟ್ಟಿಗೆಯ ಹಾವೊಂದರ ಮೇಲೆ ಇದೇ ಆರೋಪ ಹೊರಿಸಿದ್ದರು. ಅದಕ್ಕೆ ಮಿಲ್ಕ್ ಸ್ನೇಕ್ ಎಂಬ ಹೆಸರೇ ನಿಂತುಬಿಟ್ಟಿತು. ಎರಡೂ ಕಡೆಯ ಸತ್ಯ ಒಂದೇ. ಹಾಲು ಹೀರುವಂಥ ಬಾಯಿ ಹಾವಿಗಿಲ್ಲ. ಅದು ಕೊಟ್ಟಿಗೆಗೆ ಬರುವುದು ಇಲಿಗಾಗಿ.

ಆ ಹಳೆಯ ಸುಳ್ಳಿನ ಜೊತೆಗೆ ಈಗ ಹೊಸದೊಂದು ಸೇರಿದೆ. ಅಮೆರಿಕ, ಯುರೋಪಿನಲ್ಲಿ ಹಾವು ಸಾಕುವುದು ದೊಡ್ಡ ಹವ್ಯಾಸ, ಅಷ್ಟೇ ದೊಡ್ಡ ವ್ಯಾಪಾರ. ಅಲ್ಲಿ ಕೆಲವು ಮಿಲ್ಕ್ ಸ್ನೇಕ್ ಉಪಜಾತಿಗಳಿಗೆ 'ಅಪರೂಪ' ಎಂಬ ಚೀಟಿ ಅಂಟಿಸಿ ಮಾರುತ್ತಾರೆ. ಕೇಳಿದವರು ಆ ಹಾವು ಅಳಿವಿನಂಚಿನಲ್ಲಿದೆ ಎಂದುಕೊಳ್ಳುತ್ತಾರೆ. ನಮ್ಮ ತಕರಾರು ಇರುವುದು ಇಲ್ಲೇ. ಅಂಗಡಿಯಲ್ಲಿ ಇಲ್ಲ ಎಂದರೆ ಕಾಡಿನಲ್ಲೂ ಇಲ್ಲ ಎಂದು ಅರ್ಥವಲ್ಲ.

ಹವ್ಯಾಸಿಗಳ ಮನೆಯಲ್ಲಿ ಯಾವುದು ಹೆಚ್ಚು ಎಂದು ನೋಡಿ. ಹೊಂಡುರನ್, ಪ್ಯೂಬ್ಲನ್, ಸಿನಲೋವನ್, ನೆಲ್ಸನ್ಸ್. ಇವೆಲ್ಲ ಕೆಂಪು, ಕಪ್ಪು, ಬಿಳಿ ಅಥವಾ ಕಿತ್ತಳೆ ಪಟ್ಟೆಗಳ ಸುಂದರಾಂಗರು. ಹೊಂಡುರನ್ ಮರಿ ಮೊಟ್ಟೆಯಿಂದ ಹೊರಬರುವಾಗಲೇ ದಪ್ಪಗಿರುತ್ತದೆ. ಆಗ ತಾನೇ ಹುಟ್ಟಿದ ಇಲಿಮರಿಯನ್ನು ಸಲೀಸಾಗಿ ನುಂಗುತ್ತದೆ. ಇಲಿಮರಿ ಫ್ರೀಜರ್‌ನಲ್ಲಿ ಇಟ್ಟುಕೊಳ್ಳಬಹುದಾದ ಆಹಾರ. ಸಾಕುವವನಿಗೆ ಕಷ್ಟವಿಲ್ಲ, ಮಾರುವವನಿಗೆ ನಷ್ಟವಿಲ್ಲ.

ಇನ್ನು ಈಸ್ಟರ್ನ್ ಮಿಲ್ಕ್ ಸ್ನೇಕ್. ಕೊಟ್ಟಿಗೆಯ ಅಪವಾದ ಹೊತ್ತದ್ದು ಇದೇ. ಕೆನಡಾದ ಆಗ್ನೇಯ ಭಾಗದಿಂದ ಅಮೆರಿಕದ ಪೂರ್ವ ರಾಜ್ಯಗಳವರೆಗೆ ಹೊಲದ ಬದುವಿನಲ್ಲಿ, ಕಲ್ಲಿನ ಅಡಿಯಲ್ಲಿ ಬದುಕಿದೆ. ಆದರೆ ಬೂದು ಮೈಮೇಲೆ ಕಂದು ಮಚ್ಚೆ, ಪಟ್ಟೆಯ ಬೆಡಗಿಲ್ಲ. ಮರಿ ಸಣ್ಣದು, ಎಷ್ಟೋ ಮರಿಗಳು ಇಲಿಮರಿಯನ್ನು ಮೂಸಿಯೂ ನೋಡುವುದಿಲ್ಲ, ಹಲ್ಲಿಯೇ ಬೇಕು. ಸ್ಕಾರ್ಲೆಟ್ ಕಿಂಗ್ ಸ್ನೇಕ್ ಕಥೆ ಇನ್ನೂ ಕಷ್ಟದ್ದು. ಬಣ್ಣ ಕಣ್ಣು ಕುಕ್ಕುತ್ತದೆ, ಆದರೆ ಮರಿ ಪೆನ್ಸಿಲ್‌ಗಿಂತ ಸಪೂರ. ಅರಣೆಯಂಥ ಪುಟ್ಟ ಜೀವಿಗಳೇ ಅದರ ಊಟ. ಜಾರ್ಜಿಯಾದಂಥ ರಾಜ್ಯದಲ್ಲಂತೂ ಸ್ಥಳೀಯ ವಿಷರಹಿತ ಹಾವನ್ನು ಹಿಡಿದು ಸಾಕುವುದೇ ಕಾನೂನುಬಾಹಿರ. ಕೊಲಂಬಿಯಾದ ಎತ್ತರದ ಬೆಟ್ಟಗಳ ಆಂಡಿಯನ್ ಮಿಲ್ಕ್ ಸ್ನೇಕ್‌ಗೆ ತಂಪು ಬೇಕು, ಅದರ ನಾಡಿನಿಂದ ಕಾನೂನುಬದ್ಧವಾಗಿ ಹೊರಬರುವ ದಾರಿಯೂ ಕಿರಿದು.

ಅಂದರೆ ಈ 'ಅಪರೂಪ'ದ ಲೆಕ್ಕ ಇಷ್ಟೇ: ಬಣ್ಣ ಮಾಸಲು, ಮರಿ ಚಿಕ್ಕದು, ಊಟ ತೊಡಕು, ಕಾನೂನು ಅಡ್ಡ. ಇದರಲ್ಲಿ ಹಾವಿನ ಸಂಖ್ಯೆ ಎಲ್ಲಿ ಬಂತು?

ಇನ್ನೊಂದು ತಮಾಷೆ ಕೇಳಿ. ಒಂದು ಕಾಲಕ್ಕೆ ಮಿಲ್ಕ್ ಸ್ನೇಕ್ ಎಂಬ ಒಂದೇ ಪ್ರಭೇದದಡಿ ಸುಮಾರು 25 ಉಪಜಾತಿಗಳನ್ನು ಎಣಿಸುತ್ತಿದ್ದರು. 2014ರಲ್ಲಿ ವಿಜ್ಞಾನಿಗಳು ವಂಶವಾಹಿ ನೋಡಿ, ಇದು ಒಂದಲ್ಲ, ಏಳು ಪ್ರಭೇದ ಎಂದರು. ಹಳೆಯ ಉಪಜಾತಿಗಳನ್ನೆಲ್ಲ ಅವುಗಳೊಳಗೆ ಕರಗಿಸಿದರು. ಅಂಗಡಿಗಳು ಮಾತ್ರ ಹಳೆಯ ಹೆಸರನ್ನೇ ಕೂಗುತ್ತಿವೆ. ಹೆಸರು ಹೆಚ್ಚಿದಷ್ಟೂ ಚೀಟಿ ಹೆಚ್ಚು, ಚೀಟಿ ಹೆಚ್ಚಿದಷ್ಟೂ ಬೆಲೆ ಹೆಚ್ಚು. ಬೇರೆ ಬೇರೆ ಬಗೆಗಳನ್ನು ಅಡ್ಡತಳಿ ಮಾಡಿದ ಮೇಲಂತೂ, ಪೆಟ್ಟಿಗೆಯ ಮೇಲೆ ಬರೆದ ಹೆಸರಿಗೂ ಒಳಗಿರುವ ಹಾವಿಗೂ ಸಂಬಂಧ ಇರಲೇಬೇಕೆಂದಿಲ್ಲ.

ಇರಲಿ ಬಿಡಿ, ದುಡ್ಡಿದ್ದವರ ಹವ್ಯಾಸ ಎನ್ನಬಹುದು. ಆದರೆ ಪೆಟ್ಟಿಗೆಯಲ್ಲಿ ಮರಿಯಾಗದ್ದನ್ನು ಕಾಡಿನಿಂದಲೇ ತರಬೇಕಲ್ಲ? ಸ್ಕಾರ್ಲೆಟ್ ಕಿಂಗ್ ಸ್ನೇಕ್ ಸತ್ತ ಪೈನ್ ಮರದ ತೊಗಟೆಯ ಸಂದಿನಲ್ಲಿ ಅಡಗುತ್ತದೆ. ಅದನ್ನು ಹುಡುಕುವವರು ತೊಗಟೆಯನ್ನೇ ಸುಲಿಯುತ್ತಾರೆ. ಒಮ್ಮೆ ಸುಲಿದ ತೊಗಟೆ ಸತ್ತ ಮರದಲ್ಲಿ ಮತ್ತೆ ಬೆಳೆಯುವುದಿಲ್ಲ. ಹಾವು ಸಿಗಲಿ ಬಿಡಲಿ, ಮನೆ ಹೋಯಿತು. ಸುಳ್ಳು ಚೀಟಿಯೇ ನಿಜವಾಗುವ ದಾರಿ ಇದು.

ಅಮೆರಿಕದ ಹಾವಿಗೆ ಗ್ರಾಮೀಣ ಪತ್ರಿಕೋದ್ಯಮ ಓದಿದ ನಮಗೇಕೆ ಇಷ್ಟು ಉರಿ? ಯಾಕೆಂದರೆ ಇದೇ ಚೀಟಿಯನ್ನು ನಮ್ಮ ಬಯಲುಸೀಮೆಯ ಮಣ್ಣುಮುಕ್ಕ ಹಾವಿಗೆ ಅಂಟಿಸುತ್ತಿರುವವರು ನಾವೇ, ಸುದ್ದಿ ಬರೆಯುವವರು. 'ಕೋಟಿ ಬೆಲೆಯ ಅಪರೂಪದ ಎರಡು ತಲೆ ಹಾವು ವಶ' ಎಂಬಂಥ ಶೀರ್ಷಿಕೆ ಓದದವರು ಯಾರಿದ್ದಾರೆ? ಆ ಹಾವಿಗೆ ಎರಡು ತಲೆಯಿಲ್ಲ, ಮೊಂಡು ಬಾಲವಿದೆ. ಅದೃಷ್ಟ ತರುತ್ತದೆ ಎಂಬುದು ದಂಧೆಯವರ ಕಟ್ಟುಕಥೆ. ಆ ಕೋಟಿಯೂ ಹಿಡಿದವನ ಬಾಯಿಂದ ಬಂದ ಬೆಲೆ. 1972ರ ವನ್ಯಜೀವಿ ಕಾಯ್ದೆಯಡಿ ಅದನ್ನು ಹಿಡಿಯುವುದೂ ಮಾರುವುದೂ ಅಪರಾಧ. ಅಪರಾಧದ ಸುದ್ದಿಯಲ್ಲಿ ಬೆಲೆಪಟ್ಟಿ ಹಾಕಿದರೆ ಮರುದಿನ ಹೊಲದಲ್ಲಿ ಹಾವು ಕಂಡ ಬಡವನ ಕಣ್ಣಿಗೆ ಕಾಣುವುದು ಕಾಯ್ದೆಯಲ್ಲ, ಕೋಟಿ. ಜೈಲಿಗೆ ಹೋಗುವವನೂ ಅವನೇ.

ಆದ್ದರಿಂದ ನಮಗೆ ನಾವೇ ಹಾಕಿಕೊಳ್ಳಬೇಕಾದ ನಿಯಮ ಸರಳ. 'ಅಪರೂಪ' ಎಂದು ಬರೆಯುವ ಮುನ್ನ ಎಲ್ಲಿ ಅಪರೂಪ, ಯಾರು ಎಣಿಸಿದರು ಎಂದು ಕೇಳೋಣ. ಹಾವಿನ ಸುದ್ದಿಯಲ್ಲಿ ಬೆಲೆ ಬರೆಯುವುದನ್ನು ಬಿಡೋಣ. ಹಾಲು ಕುಡಿಯುತ್ತದೆ ಎಂದ ಅಜ್ಜಿಯ ಮಾತಿಗೆ ನಗುವ ನಾವು, ಕೋಟಿ ಬೆಲೆ ಎಂದವನ ಮಾತನ್ನು ಮುಖಪುಟಕ್ಕೆ ಏರಿಸುತ್ತಿದ್ದೇವೆ. ಅಜ್ಜಿಯೇ ವಾಸಿ, ಆಕೆ ಹಾವು ಮಾರಲಿಲ್ಲ.