ಎಕ್ಸ್‌ರೇಯಲ್ಲಿ ಕಪ್ಪು ಕಂಡಿತಂತೆ! ಅಷ್ಟು ಹೇಳಿದರೆ ಸಾಕೇ?

ಹಲ್ಲಿಗೆ ಕ್ಲಿಪ್ ಹಾಕಿಸಲು ಮಕ್ಕಳನ್ನು ಪೇಟೆಗೆ ಕರೆದೊಯ್ದರೆ ಸಾಮಾನ್ಯವಾಗಿ ಒಪಿಜಿ ತೆಗೆಸುತ್ತಾರೆ. ಮೇಲಿನ, ಕೆಳಗಿನ ದವಡೆ ಎರಡೂ ಒಂದೇ ಫಿಲ್ಮಿನಲ್ಲಿ ಕಾಣುವ ಎಕ್ಸ್‌ರೇ ಅದು. ಕೆಲವು ಮಕ್ಕಳ ಫಿಲ್ಮಿನಲ್ಲಿ ಕಿವಿಯ ಮುಂದಿನ ಮೂಳೆಯೊಳಗೆ ಕಪ್ಪು ಗುಳ್ಳೆಯಂಥ ಗುರುತು ಇರುತ್ತದೆ. "ಮೂಳೆ ಪೊಳ್ಳಾಗಿದೆ, ಎಲ್ಲಾದರೂ ದೊಡ್ಡ ಆಸ್ಪತ್ರೆಗೆ ತೋರಿಸಿ" ಎಂಬ ಒಂದು ಮಾತು ಬಿದ್ದರೆ ಅಂದು ಆ ಮನೆಯಲ್ಲಿ ಯಾರಿಗೂ ಅನ್ನ ಇಳಿಯುವುದಿಲ್ಲ. ಸಂಜೆಯ ಹೊತ್ತಿಗೆ ಅದು ಊರವರ ಬಾಯಲ್ಲಿ "ಗಡ್ಡೆ" ಆಗಿರುತ್ತದೆ.

ಈ ಅರ್ಧ ಮಾತಿನ ವಿರುದ್ಧವೇ ನಮ್ಮ ತಕರಾರು.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಅಲ್ಲಿ ಆಡುವುದು ದವಡೆಯ ಕೀಲು. ಅದರ ಮುಂದೆಯೇ, ಕೆನ್ನೆಮೂಳೆಯ ಬುಡದಲ್ಲಿ ಒಂದು ಸಣ್ಣ ಉಬ್ಬು ಇದೆ. ಕಿವಿಯ ಹಿಂದಿನ ಮೂಳೆಯಲ್ಲಿ ಎಲ್ಲರಿಗೂ ಒಂದಷ್ಟು ಗಾಳಿ ತುಂಬಿದ ಗೂಡುಗಳಿರುತ್ತವೆ. ಹುಟ್ಟುವಾಗ ಅಲ್ಲಿ ಮುಖ್ಯವಾಗಿ ಒಂದು ಪುಟ್ಟ ಕುಳಿ ಇರುತ್ತದೆ, ಮಗು ಬೆಳೆದಂತೆ ಗೂಡುಗಳು ಹೆಚ್ಚುತ್ತವೆ. ಕೆಲವರಲ್ಲಿ ಇವು ಮುಂದಕ್ಕೆ ಹಬ್ಬಿ ಆ ಉಬ್ಬನ್ನೂ ಸೇರುತ್ತವೆ. ಒಂದೇ ಗುಳ್ಳೆಯಾಗಿಯೂ ಕಾಣಬಹುದು, ಜೇನುಗೂಡಿನಂತೆಯೂ ಕಾಣಬಹುದು. ಗಾಳಿ ಇರುವ ಜಾಗ ಎಕ್ಸ್‌ರೇಯಲ್ಲಿ ಕಪ್ಪಾಗಿ ಬೀಳುತ್ತದೆ. ಇಷ್ಟೇ ವಿಷಯ. ಹುಳುಕಿಗೂ ಇದಕ್ಕೂ ಸಂಬಂಧವಿಲ್ಲ.

ಇದೇನು ಹೊಸ ಸಂಗತಿಯೂ ಅಲ್ಲ. ಒಪಿಜಿಯಲ್ಲಿ ಇದನ್ನು ಗುರುತಿಸುವ ಲಕ್ಷಣಗಳನ್ನು ಟಿಂಡಾಲ್ ಮತ್ತು ಮ್ಯಾಟೆಸನ್ 1985ರಲ್ಲೇ ಬರೆದಿಟ್ಟಿದ್ದಾರೆ: ನೋವಿಲ್ಲ, ಮೂಳೆ ಊದಿಲ್ಲ, ಅಂಚು ಸವೆದಿಲ್ಲ, ಕಿವಿಯ ಹಿಂದಿನ ಗೂಡುಗಳಂತೆಯೇ ಕಾಣುತ್ತದೆ. ಇಷ್ಟು ಹೊಂದಿದರೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಡ.

ಹಾಗಿದ್ದೂ ಬರೀ ಹೆದರಿಕೆಗೆ ಸಿಟಿ ಸ್ಕ್ಯಾನ್ ಬರೆದರೆ ಅದರ ಬೆಲೆ ತೆರುವವರು ಯಾರು? ಬಸ್ ಚಾರ್ಜು, ಎರಡು ದಿನದ ಕೂಲಿ, ಸ್ಕ್ಯಾನಿನ ಬಿಲ್ಲು ಎಲ್ಲ ಅಪ್ಪ ಅಮ್ಮನದು. ವಿಕಿರಣ ಮಗುವಿನ ಪಾಲಿಗೆ. ಮಣ್ಣು, ಕಲ್ಲು, ಆಕಾಶದಿಂದ ನಮಗೆ ಕೆಲವೇ ದಿನಗಳಲ್ಲಿ ಸಹಜವಾಗಿ ತಗಲುವಷ್ಟು ವಿಕಿರಣ ಒಂದು ಒಪಿಜಿಯಲ್ಲಿದೆ. ತಲೆಯ ಸಿಟಿ ಸ್ಕ್ಯಾನಿನದು ತಿಂಗಳುಗಳ ಲೆಕ್ಕ, ಸುಮಾರು 2 ಮಿಲಿಸೀವರ್ಟ್. ವಿಕಿರಣದ ಪೆಟ್ಟು ದೊಡ್ಡವರಿಗಿಂತ ಮಕ್ಕಳಿಗೆ ಹೆಚ್ಚು.

"ಏನೂ ಅಲ್ಲ ಹೋಗಿ" ಎಂದು ಫಿಲ್ಮು ಮಡಚಿ ಕೊಡುವುದೂ ತಪ್ಪೇ. ಮುಂದೆಂದಾದರೂ ದವಡೆ ಕೀಲಿನ ಆಪರೇಷನ್ ಆದರೆ, ಅಲ್ಲಿ ಮೂಳೆ ಪೊಳ್ಳೆಂದು ಸರ್ಜನ್‌ಗೆ ಮೊದಲೇ ಗೊತ್ತಿರಬೇಕು. ಅದರ ಮೇಲೆಯೇ ಮೆದುಳಿನ ಜಾಗ. ಕಿವಿಯ ಸೋಂಕು ಈ ಗೂಡುಗಳ ದಾರಿಯಲ್ಲಿ ಕೀಲಿನವರೆಗೂ ಹರಡಬಹುದು. ಮಗುವಿಗೆ ಕಿವಿ ಸೋರುತ್ತಿದ್ದರೆ, ಕೆನ್ನೆ ಊದಿದ್ದರೆ, ಜೋಮು ಹಿಡಿದಿದ್ದರೆ, ಬಾಯಿ ತೆರೆಯಲು ಕಷ್ಟವಾದರೆ ತಡಮಾಡದೆ ತೋರಿಸಿ. ಆಗ ಸ್ಕ್ಯಾನ್ ಬೇಕೆಂದರೆ ಅದಕ್ಕೊಂದು ಅರ್ಥವಿದೆ.

ನಾವು ಕೇಳುವುದು ಮೂರೇ. ಕಂಡದ್ದನ್ನು ಚೀಟಿಯಲ್ಲಿ ಬರೆಯಲಿ. ಅದನ್ನು ಕನ್ನಡದಲ್ಲಿ ಹೇಳಲಿ. ಫಿಲ್ಮು, ರಿಪೋರ್ಟು ಎರಡನ್ನೂ ಮನೆಯವರ ಕೈಗೆ ಕೊಡಲಿ. ಕಾಯಿಲೆ, ಚಿಕಿತ್ಸೆ, ಖರ್ಚಿನ ಬಗ್ಗೆ ತಿಳಿದುಕೊಳ್ಳುವುದು ರೋಗಿಯ ಹಕ್ಕು. ಅದನ್ನು ಯಾರೂ ದಯೆ ತೋರಿಸಿ ಕೊಡಬೇಕಾಗಿಲ್ಲ.

ನೀವೂ ಸುಮ್ಮನೆ ತಲೆಯಾಡಿಸಿ ಎದ್ದು ಬರಬೇಡಿ. "ಡಾಕ್ಟ್ರೇ, ಇದು ಗಾಳಿಗೂಡೋ, ಬೇರೆ ಏನಾದರೂ ಇದೆಯೋ? ಈ ಸ್ಕ್ಯಾನಿನಿಂದ ಚಿಕಿತ್ಸೆ ಏನು ಬದಲಾಗುತ್ತೆ?" ಎಂದು ಕೇಳಿ. ಅನುಮಾನ ಉಳಿದರೆ ಡೆಂಟಲ್ ಕಾಲೇಜಿಗೆ ಹೋಗಿ. ಬಾಯಿ, ದವಡೆಯ ಎಕ್ಸ್‌ರೇ ಓದುವುದಕ್ಕೆಂದೇ ಓರಲ್ ಮೆಡಿಸಿನ್ ಮತ್ತು ರೇಡಿಯಾಲಜಿ ಎಂಬ ವಿಭಾಗ ಅಲ್ಲಿದೆ. ಹೋಗುವಾಗ ಹಳೆಯ ಫಿಲ್ಮು ಮರೆಯಬೇಡಿ, ಇನ್ನೊಂದು ಎಕ್ಸ್‌ರೇ ಉಳಿದೀತು.