ಐದು ದಶಕ ದಾಟಿದ ಕೋಷ್ಟಕ

1970ರ ಜೂನ್‌ನಲ್ಲಿ ಎಡ್ಗರ್ ಕಾಡ್ ಅವರ ಹನ್ನೊಂದು ಪುಟಗಳ ಲೇಖನವೊಂದು ಅಮೆರಿಕದ ಕಂಪ್ಯೂಟರ್ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂಗ್ಲೆಂಡ್ ಮೂಲದ ಈ ಗಣಿತಜ್ಞ ಆಗ ಸ್ಯಾನ್ ಹೋಸೆಯ ಐಬಿಎಂ ಪ್ರಯೋಗಾಲಯದಲ್ಲಿದ್ದರು. ದತ್ತಾಂಶ ಯಂತ್ರದೊಳಗೆ ಹೇಗೆ ಕೂತಿದೆ ಎಂಬ ಗೊಡವೆ ಅದನ್ನು ಬಳಸುವವರಿಗೆ ಬೇಡ ಎಂಬುದು ಅವರ ವಾದ. ಸಾಫ್ಟ್‌ವೇರ್ ಲೋಕದಲ್ಲಿ ಇಷ್ಟು ಕಾಲ ಬಾಳಿದ ವಿಚಾರಗಳು ಬೆರಳೆಣಿಕೆಯಷ್ಟು.

ಅಪೊಲೊ ಯೋಜನೆಯ ಬಿಡಿಭಾಗಗಳ ಲೆಕ್ಕವಿಡಲು ರೂಪುಗೊಂಡ ಐಬಿಎಂನ ಐಎಂಎಸ್ ಎಂಬ ಡೇಟಾಬೇಸ್ ವ್ಯವಸ್ಥೆ ಆಗ ದತ್ತಾಂಶವನ್ನು ವಂಶವೃಕ್ಷದಂತೆ ಜೋಡಿಸುತ್ತಿತ್ತು. ಯಾವ ಕೊಂಬೆ ಹಿಡಿದು ಇಳಿಯಬೇಕೆಂದು ಪ್ರೋಗ್ರಾಂ ಬರೆಯುವವರಿಗೆ ಗೊತ್ತಿರಬೇಕಿತ್ತು. ಜೋಡಣೆ ಬದಲಾದರೆ ಪ್ರೋಗ್ರಾಂ ಕೂಡ ಕೆಡುತ್ತಿತ್ತು. ಕಾಡ್ ಇದನ್ನೆಲ್ಲ ತೆಗೆದುಹಾಕಿ ಸಾಲು, ಕಾಲಂಗಳ ಕೋಷ್ಟಕಗಳನ್ನಷ್ಟೇ ಉಳಿಸಿದರು.

ನಮ್ಮ ಪಹಣಿಯನ್ನೇ ತೆಗೆದುಕೊಳ್ಳಿ. ಒಬ್ಬ ರೈತರಿಗೆ ನಾಲ್ಕು ಸರ್ವೆ ನಂಬರುಗಳಲ್ಲಿ ಜಮೀನಿದೆ ಎನ್ನೋಣ. ಹೆಸರು, ತಂದೆಯ ಹೆಸರು, ವಿಳಾಸಗಳನ್ನು ನಾಲ್ಕೂ ಸಾಲಿನಲ್ಲಿ ಬರೆದಿಟ್ಟರೆ, ತಿದ್ದುವಾಗ ಒಂದು ಸಾಲು ಕೈತಪ್ಪಿದರೂ ಒಬ್ಬರೇ ಇಬ್ಬರಾಗುತ್ತಾರೆ. ಕಾಡ್ ಅವರ ಈ ಕೋಷ್ಟಕ ಪದ್ಧತಿಯಲ್ಲಿ, ಅಂದರೆ ರಿಲೇಷನಲ್ ಕ್ರಮದಲ್ಲಿ, ವ್ಯಕ್ತಿಗಳದ್ದು ಒಂದು ಕೋಷ್ಟಕ, ಜಮೀನುಗಳದ್ದು ಇನ್ನೊಂದು. ಅಣ್ಣತಮ್ಮಂದಿರ ಜಂಟಿ ಖಾತೆ ಇದ್ದರೆ, ಯಾರಿಗೆ ಯಾವ ಸರ್ವೆ ನಂಬರಿನಲ್ಲಿ ಎಷ್ಟು ಪಾಲು ಎಂಬುದಕ್ಕೆ ಮೂರನೆಯದು. ಮೂರನ್ನೂ ಬೆಸೆಯುವುದು ಕೀ ಎನ್ನುವ ಗುರುತು ಸಂಖ್ಯೆ. ವಿಳಾಸ ಒಂದೇ ಕಡೆ ಇರುತ್ತದೆ, ತಿದ್ದುವುದೂ ಒಂದೇ ಸಲ. ಜಮೀನು ಮಾರಾಟವಾದಾಗ ಮಾರಿದವರ ವಿಸ್ತೀರ್ಣ ಕಳೆಯುವುದು, ಕೊಂಡವರಿಗೆ ಕೂಡಿಸುವುದು, ಎರಡೂ ಆಗಬೇಕು. ನಡುವೆ ಕರೆಂಟ್ ಹೋದರೆ ಎರಡೂ ಆಗಬಾರದು. ಟ್ರಾನ್ಸಾಕ್ಷನ್ ಎನ್ನುವ ಈ ಶಿಸ್ತಿಗೆ ಭದ್ರ ತಳಹದಿ ಹಾಕಿದವರಲ್ಲಿ ಜಿಮ್ ಗ್ರೇ ಪ್ರಮುಖರು.

ಕಾಡ್ ಮಾತಿಗೆ ಸ್ವಂತ ಕಂಪನಿಯೇ ಬೇಗ ಕಿವಿಗೊಡಲಿಲ್ಲ. ಐಎಂಎಸ್ ಚೆನ್ನಾಗಿ ಮಾರಾಟವಾಗುತ್ತಿತ್ತು. ಆದರೂ ಕಾಡ್ ವಿಚಾರವನ್ನು ಪ್ರಯೋಗಕ್ಕೆ ಒಡ್ಡಿದ ಅಲ್ಲಿನ ಸಿಸ್ಟಮ್ ಆರ್ ಯೋಜನೆಗಾಗಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್, ಕೋಷ್ಟಕಗಳಿಂದ ಮಾಹಿತಿ ಕೇಳುವ ಎಸ್‌ಕ್ಯುಎಲ್ ಭಾಷೆ ರೂಪಿಸಿದರು. ಬಾಯ್ಸ್ 1974ರಲ್ಲೇ ತೀರಿಕೊಂಡರು. ಆ ಭಾಷೆಯ ದಿಗ್ವಿಜಯ ನೋಡುವ ಭಾಗ್ಯ ಅವರಿಗಿರಲಿಲ್ಲ. ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್, ಯೂಜೀನ್ ವಾಂಗ್ ಇಂಗ್ರೆಸ್ ಎಂಬ ರಿಲೇಷನಲ್ ಡೇಟಾಬೇಸ್ ಕಟ್ಟಿದರು. 1979ರಲ್ಲಿ ಒರಾಕಲ್ ಡೇಟಾಬೇಸ್, ಐಬಿಎಂನ ರಿಲೇಷನಲ್ ಉತ್ಪನ್ನಕ್ಕಿಂತ ಮೊದಲೇ ಮಾರುಕಟ್ಟೆಗೆ ಬಂತು. 1981ರಲ್ಲಿ ಕಾಡ್ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಕರ್ನಾಟಕದ ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಡೇಟಾಬೇಸಿಗೆ ತಂದಿತು. ದೊಡ್ಡ ಸಾಧನೆಯೇ. ಆದರೆ ಡೇಟಾಬೇಸ್ ಕಾಯುವುದು ಹೊಂದಾಣಿಕೆಯನ್ನು, ಸತ್ಯವನ್ನಲ್ಲ. ತಪ್ಪು ಹೆಸರನ್ನು ತುಂಬಿದರೆ ಅದನ್ನೂ ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ. ಆ ಹೊಂದಾಣಿಕೆಯೂ ಕೋಷ್ಟಕಗಳ ವಿನ್ಯಾಸ ಸರಿಯಿದ್ದರಷ್ಟೇ. ಆದರೆ ಎಷ್ಟೋ ತರಗತಿಗಳಲ್ಲಿ ಎಸ್‌ಕ್ಯುಎಲ್ ಆಜ್ಞೆಗಳ ಬಾಯಿಪಾಠ ಮೊದಲು, ಕೋಷ್ಟಕ ವಿನ್ಯಾಸ ಪರೀಕ್ಷೆಯ ಹಿಂದಿನ ವಾರ. ಇದು ತಿರುಗುಮುರುಗಾಗಬೇಕು. ಅಧ್ಯಾಪಕರಲ್ಲಿ ಒಂದು ಕೋರಿಕೆ: ಮೊದಲ ದಿನವೇ ವಿದ್ಯಾರ್ಥಿಗಳ ಕೈಗೆ ಒಂದು ಪಹಣಿ ಕೊಟ್ಟು, ಕಂಪ್ಯೂಟರ್ ಮುಟ್ಟುವ ಮೊದಲು ಅದನ್ನು ಕಾಗದದ ಮೇಲೆ ಕೋಷ್ಟಕಗಳಾಗಿ ಬಿಡಿಸಲು ಹೇಳಿ.