ಆಪ್ತವಾಕ್ಯದ ವ್ಯಾಪಾರ

ಯಾವುದಾದರೊಂದು ವಸ್ತುವನ್ನು ಕೊಳ್ಳುವುದಕ್ಕೆ ಮೊದಲು ನಮ್ಮ ಹಿರಿಯರು ನೆರೆಹೊರೆಯವರನ್ನು ವಿಚಾರಿಸುತ್ತಿದ್ದರು. ಯಾವ ಅಂಗಡಿಯ ತೊಗರಿಬೇಳೆ ಬೇಗ ಬೇಯುತ್ತದೆ, ಯಾವ ನೇಕಾರನ ಸೀರೆಯ ಬಣ್ಣ ನಿಲ್ಲುತ್ತದೆ, ಯಾವ ಅಕ್ಕಸಾಲಿಗನ ತೂಕ ನೆಚ್ಚತಕ್ಕದ್ದು ಎಂಬುದೆಲ್ಲ ಜಗಲಿಯ ಮೇಲೆಯೂ ಬಾವಿಕಟ್ಟೆಯ ಬಳಿಯೂ ನಿರ್ಣಯವಾಗುತ್ತಿತ್ತು. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನಗಳೊಡನೆ ಶಬ್ದವನ್ನೂ ಪ್ರಮಾಣವೆಂದು ಅಂಗೀಕರಿಸಿರುವರು. ಆದರೆ ಎಲ್ಲರ ಮಾತೂ ಪ್ರಮಾಣವಲ್ಲ, ಆಪ್ತನ ಮಾತು ಮಾತ್ರ ಪ್ರಮಾಣ. ಆಪ್ತನೆಂದರೆ ವಿಷಯವನ್ನು ಇದ್ದಂತೆ ಬಲ್ಲವನು, ಬಲ್ಲುದನ್ನು ಇದ್ದಂತೆ ಹೇಳತಕ್ಕವನು. ಜ್ಞಾನವಿದ್ದು ಸತ್ಯವಿಲ್ಲದವನು ಆಪ್ತನಲ್ಲ. ಸತ್ಯವಿದ್ದು ಜ್ಞಾನವಿಲ್ಲದವನೂ ಆಪ್ತನಲ್ಲ. ಈ ಲಕ್ಷಣವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಈ ತಿಂಗಳು ನಾವು ವಿಚಾರಿಸಹೊರಟಿರುವುದು, ಸಾಮಾಜಿಕ ಜಾಲತಾಣಗಳಲ್ಲಿ ವರ್ತಕರು ನಡೆಯಿಸುತ್ತಿರುವ ವ್ಯವಹಾರವನ್ನು. ಅದರ ತಿರುಳೆಲ್ಲ ಈ ಒಂದು ಮಾತಿನಲ್ಲಿದೆ.

ಫೇಸ್‌ಬುಕ್ಕು 2004ರಲ್ಲಿ ಅಮೆರಿಕದ ಹಾರ್ವರ್ಡ್ ವಿದ್ಯಾಪೀಠದ ವಿದ್ಯಾರ್ಥಿಗಳಿಗಾಗಿ ಹುಟ್ಟಿತು. ಸ್ನೇಹಿತರು ಒಬ್ಬರನ್ನೊಬ್ಬರು ಕಂಡುಕೊಳ್ಳುವುದೇ ಅದರ ಉದ್ದೇಶವೆಂದು ಆಗ ತೋರುತ್ತಿತ್ತು. 2007ರಲ್ಲಿ ವ್ಯಾಪಾರಸಂಸ್ಥೆಗಳೂ ತಮ್ಮ ತಮ್ಮ ಪುಟಗಳನ್ನು ತೆರೆಯಬಹುದೆಂದಾಯಿತು. 2009ರಲ್ಲಿ ಮೆಚ್ಚುಗೆಯ ಗುಂಡಿ ಬಂದಿತು. 2012ರಲ್ಲಿ ಇನ್‌ಸ್ಟಾಗ್ರಾಂ ಎಂಬ ಚಿತ್ರತಾಣವನ್ನೂ 2014ರಲ್ಲಿ ವಾಟ್ಸಾಪನ್ನೂ ಆ ಸಂಸ್ಥೆಯೇ ಕೊಂಡುಕೊಂಡಿತು. 2021ರಲ್ಲಿ ಅದು ಮೆಟಾ ಎಂದು ಹೆಸರನ್ನು ಬದಲಾಯಿಸಿಕೊಂಡಿತು. ನಮ್ಮಿಂದ ಇದು ಒಂದು ಕಾಸನ್ನೂ ಕೇಳುವುದಿಲ್ಲವಾದುದರಿಂದ ಇದನ್ನು ಧರ್ಮಛತ್ರವೆಂದು ಭಾವಿಸಿದವರು ಅನೇಕರು. ಆದರೆ 2023ರಲ್ಲಿ ಮೆಟಾ ಸಂಸ್ಥೆಗೆ ಬಂದ ಆದಾಯ ಸುಮಾರು 13,490 ಕೋಟಿ ಡಾಲರು; ಅದರಲ್ಲಿ ನೂರಕ್ಕೆ 97ಕ್ಕೂ ಹೆಚ್ಚಿನ ಪಾಲು ಜಾಹೀರಾತಿನದು. ಛತ್ರದಲ್ಲಿ ಉಣ್ಣುವವರು ನಾವು, ಬೆಲೆ ಕೊಡುವವರು ವರ್ತಕರು. ಹಾಗಾದರೆ ಅವರಿಗೆ ಮಾರಾಟವಾಗುತ್ತಿರುವುದು ಏನು? ನಮ್ಮ ಕಣ್ಣು, ನಮ್ಮ ಹೊತ್ತು, ನಮ್ಮ ಮನಸ್ಸಿನ ಒಲವು. ಇವೇ ಅಲ್ಲಿಯ ಸರಕು.

ಈ ಮಾರಾಟದ ಕ್ರಮವನ್ನು ಗೃಹಸ್ಥರು ತಿಳಿದಿರುವುದು ಒಳ್ಳೆಯದು. ವೃತ್ತಪತ್ರಿಕೆಯ ಜಾಹೀರಾತು ಎಲ್ಲರಿಗೂ ಒಂದೇ, ಇಲ್ಲಿ ಹಾಗಲ್ಲ. ಇಂತಹ ಊರಿನ, ಇಷ್ಟು ವಯಸ್ಸಿನ, ಇಂತಹದರಲ್ಲಿ ಆಸಕ್ತಿಯುಳ್ಳವರಿಗೆ ಮಾತ್ರ ತನ್ನ ಪ್ರಕಟನೆ ಕಾಣಿಸಬೇಕೆಂದು ವರ್ತಕನು ಗೊತ್ತುಮಾಡಬಹುದು. ನಾವು ಫೋನನ್ನು ತೆರೆದ ಕ್ಷಣದಲ್ಲಿಯೇ ಆ ಒಂದು ಎಡೆಗಾಗಿ ಹಲವು ವರ್ತಕರ ನಡುವೆ ಕಣ್ಣಿಗೆ ಕಾಣದ ಹರಾಜು ನಡೆಯುತ್ತದೆ. ಹೆಚ್ಚು ಹಣ ಕೂಗಿದವನೇ ಗೆಲ್ಲುವನೆಂಬ ನಿಯಮವಿಲ್ಲ. ನಾವು ಅದನ್ನು ಮುಟ್ಟಿ ನೋಡುವ ಸಂಭವವೆಷ್ಟು ಎಂಬುದನ್ನೂ ಯಂತ್ರವು ಎಣಿಕೆಮಾಡುತ್ತದೆ. ಹೊರಗಿನ ಅಂಗಡಿಗಳ ತಾಣಗಳಲ್ಲಿಯೂ ಈ ಸಂಸ್ಥೆಯ ಸಣ್ಣದೊಂದು ಸಂಕೇತಲಿಪಿ ಹುದುಗಿರುವುದುಂಟು. ಅಲ್ಲಿ ನಾವು ಯಾವ ಸೀರೆಯನ್ನು ನೋಡಿದೆವೆಂಬ ವರದಿ ಇಲ್ಲಿಗೆ ಮುಟ್ಟುತ್ತದೆ. ಒಮ್ಮೆ ನೋಡಿ ಬಿಟ್ಟ ಸೀರೆ ವಾರಗಟ್ಟಲೆ ಬೆನ್ನು ಬಿಡದೆ ಬರುವುದರ ಗುಟ್ಟು ಇದೇ. ಇದರಲ್ಲಿ ದೈವಸಂಕಲ್ಪವೇನೂ ಇಲ್ಲ.

ಇದಿಷ್ಟು ಜಾಹೀರಾತೆಂದು ತಿಳಿದು ನೋಡುವ ಜಾಹೀರಾತಿನ ಮಾತು. ಇದಕ್ಕಿಂತ ಸೂಕ್ಷ್ಮವಾದುದು ಮತ್ತೊಂದುಂಟು. ಮೀಮಾಂಸಕರು ವಿಧಿವಾಕ್ಯವನ್ನೂ ಅರ್ಥವಾದವನ್ನೂ ಬೇರೆಬೇರೆಯಾಗಿ ಎಣಿಸುತ್ತಾರೆ. ಅರ್ಥವಾದವು ಹೊಗಳಿ ಮನಸ್ಸನ್ನು ಎಳೆಯುವುದಕ್ಕಾಗಿ ಇರತಕ್ಕದ್ದು. ವರ್ತಕನು ತನ್ನ ಸರಕನ್ನು ಹೊಗಳಿಕೊಂಡರೆ ಅದು ಅರ್ಥವಾದವೆಂದು ಎಳೆಯ ಮಗುವಿಗೂ ಗೊತ್ತು. ಆದುದರಿಂದ ಅವನು ಹೊಗಳುವ ಕೆಲಸವನ್ನು ನಮಗೆ ಬೇಕಾದವರಂತೆ ಕಾಣುವವರಿಗೆ ಒಪ್ಪಿಸುತ್ತಾನೆ. ದಿನವೂ ಅಡಿಗೆಯನ್ನು ತೋರಿಸುವ ಹೆಂಗಸು, ಮಗುವಿಗೆ ಎಣ್ಣೆ ಹಚ್ಚುವುದನ್ನು ಹೇಳಿಕೊಡುವ ತಾಯಿ, ಹಣ ಕೂಡಿಡುವ ದಾರಿಯನ್ನು ಬೋಧಿಸುವ ತರುಣ, ಇವರನ್ನು ಲಕ್ಷಾಂತರ ಜನ ಮನೆಯವರೆಂದೇ ಭಾವಿಸುವರು. ಇವರಿಗೆ ಪ್ರಭಾವಿಗಳೆಂದು ಹೆಸರು. ಅವರ ಬಾಯಿಂದ ಒಂದು ಎಣ್ಣೆಯ ಹೆಸರು ಬಂದರೆ ನಾವು ಅದನ್ನು ಆಪ್ತವಾಕ್ಯವೆಂದು ಗ್ರಹಿಸುತ್ತೇವೆ. ಹಣ ಪಡೆದು ಹೇಳುವುದು ಪಾಪವಲ್ಲ. ಹಣ ಪಡೆದುದನ್ನು ಮುಚ್ಚಿ ಹೇಳುವುದು ವಂಚನೆ.

ನಮ್ಮ ಬೀದಿಯಲ್ಲಿ ಕಳೆದ ವರ್ಷ ನಡೆದ ಒಂದು ಸಂಗತಿಯನ್ನು ಹೇಳುತ್ತೇವೆ. ನಿವೃತ್ತರಾದ ಒಬ್ಬ ಗೃಹಸ್ಥರು ಜಾಲತಾಣದಲ್ಲಿ ಪ್ರಸಿದ್ಧಪುರುಷರೊಬ್ಬರ ಮುಖವುಳ್ಳ ಪ್ರಕಟನೆಯನ್ನು ಕಂಡು, ಷೇರು ವ್ಯಾಪಾರವನ್ನು ಕಲಿಸುವ ವಾಟ್ಸಾಪ್ ಗುಂಪೊಂದಕ್ಕೆ ಸೇರಿದರು. ಅಲ್ಲಿ ನೂರಾರು ಜನ ಬೆಳಗಾದರೆ, ‘ನನಗೆ ಇಷ್ಟು ಲಾಭ ಬಂತು, ಗುರುಗಳಿಗೆ ವಂದನೆ’ ಎಂದು ಬರೆಯುತ್ತಿದ್ದರು. ಇವರೂ ಮೊದಲು ಸ್ವಲ್ಪ ಹಾಕಿದರು. ಅದು ಬೆಳೆದಂತೆ ಫೋನಿನಲ್ಲಿ ಕಂಡಿತು. ಕೊನೆಗೆ ಮಗಳ ಮದುವೆಗೆಂದು ಇಟ್ಟಿದ್ದ ಹಣವೆಲ್ಲವೂ ಹೋಯಿತು. ವಿಚಾರಿಸಿದಾಗ ಆ ಮುಖ ಕದ್ದದ್ದು, ಗುಂಪಿನಲ್ಲಿ ವಂದಿಸುತ್ತಿದ್ದವರೆಲ್ಲ ವಂಚಕರ ಕಡೆಯವರೇ ಎಂದು ತಿಳಿಯಿತು. ಆ ಮನೆಯ ಹೆಣ್ಣುಮಗಳು, “ಅಪ್ಪ ಒಬ್ಬರ ಮಾತನ್ನು ನಂಬಲಿಲ್ಲ, ನೂರು ಜನರ ಮಾತನ್ನು ನಂಬಿದರು” ಎಂದಳು. ಗಡ್ಡರಿಕಾಪ್ರವಾಹವೆಂದು ಪಂಡಿತರು ಹೇಳುವ ಕುರಿಮಂದೆಯ ನ್ಯಾಯವನ್ನು ನಾವು ಎಷ್ಟೋ ವರ್ಷ ತರಗತಿಯಲ್ಲಿ ಪಾಠ ಹೇಳಿದ್ದೇವೆ. ಆದರೆ ಮುಂದೆ ಹೋಗುವ ಕುರಿಗಳೇ ಕೃತಕವಾಗಿರಬಹುದೆಂಬುದು ಹಳೆಯ ನ್ಯಾಯದಲ್ಲಿಲ್ಲ.

ಇಷ್ಟರಿಂದ ಜಾಲತಾಣಗಳೇ ತ್ಯಾಜ್ಯವೆಂದು ಹೇಳುವುದು ನ್ಯಾಯವಾಗದು. ನಮ್ಮ ಶಿಷ್ಯನೊಬ್ಬನು ಅಕಾಲದಲ್ಲಿ ತೀರಿಕೊಂಡ ಬಳಿಕ ಅವನ ಹೆಂಡತಿ ಚಟ್ನಿಪುಡಿ, ಹಪ್ಪಳ, ಸಂಡಿಗೆಗಳನ್ನು ಮಾಡಿ, ಅವುಗಳ ಚಿತ್ರವನ್ನು ವಾಟ್ಸಾಪಿನಲ್ಲಿ ಪರಿಚಿತರಿಗೆ ಕಳುಹಿಸಿ, ಎರಡು ಮಕ್ಕಳನ್ನು ಓದಿಸುತ್ತಿದ್ದಾಳೆ. ಅಂಗಡಿಯ ಮುಂಗಡವಿಲ್ಲ, ಬಾಡಿಗೆಯಿಲ್ಲ. ಸಣ್ಣ ವರ್ತಕರಿಗಾಗಿಯೇ 2018ರಲ್ಲಿ ವಾಟ್ಸಾಪಿನ ಬೇರೊಂದು ರೂಪವೂ ಬಂದಿತು. 2015ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೀಶೋ ಸಂಸ್ಥೆಯು ಮೊದಲು ಬೆಳೆದದ್ದು, ಮನೆಯಲ್ಲಿದ್ದುಕೊಂಡು ಬಂಧುಮಿತ್ರರಿಗೆ ಬಟ್ಟೆಬರೆಗಳನ್ನು ಮಾರುತ್ತಿದ್ದ ಇಂತಹ ಗೃಹಿಣಿಯರಿಂದಲೇ. 2019ರಲ್ಲಿ ಫೇಸ್‌ಬುಕ್ಕೇ ಅದರಲ್ಲಿ ಹಣ ಹೂಡಿತು.

ಕೊಳ್ಳುವವನಿಗೂ ಇಲ್ಲಿ ಬಲವುಂಟು. ಕೆನಡಾದ ಗಾಯಕ ಡೇವ್ ಕ್ಯಾರಲ್ ಎಂಬವರ ಗಿಟಾರು 2008ರಲ್ಲಿ ಯುನೈಟೆಡ್ ವಿಮಾನಸಂಸ್ಥೆಯ ಪ್ರಯಾಣದಲ್ಲಿ ಮುರಿಯಿತು. ತಿಂಗಳುಗಟ್ಟಲೆ ಬರೆದರೂ ಪರಿಹಾರ ದೊರೆಯಲಿಲ್ಲ. 2009ರ ಜುಲೈನಲ್ಲಿ ಅವರು ಆ ಕಥೆಯನ್ನೇ ಹಾಡುಮಾಡಿ ಯೂಟ್ಯೂಬಿನಲ್ಲಿ ಇಟ್ಟರು. ಕೆಲವೇ ದಿನಗಳಲ್ಲಿ ಲಕ್ಷೋಪಲಕ್ಷ ಜನ ಅದನ್ನು ಕೇಳಿದರು. ಅದುವರೆಗೆ ಕಿವಿಗೊಡದಿದ್ದ ಸಂಸ್ಥೆಯು ತಾನಾಗಿ ಸಮಾಧಾನಕ್ಕೆ ಬಂದಿತು. ಅಂದಿನಿಂದ ದೊಡ್ಡ ವರ್ತಕರು ಜಾಲತಾಣದ ದೂರುಗಳಿಗೆ ಉತ್ತರ ಕೊಡುವುದಕ್ಕಾಗಿಯೇ ಜನರನ್ನು ನೇಮಿಸಿಕೊಳ್ಳುವುದು ರೂಢಿಗೆ ಬಂದಿದೆ.

ನಮ್ಮ ದೇಶದ ಶಾಸನವೂ ಸುಮ್ಮನಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ದಾರಿತಪ್ಪಿಸುವ ಜಾಹೀರಾತಿಗೆ ತಯಾರಕನ ಮೇಲೂ ಅನುಮೋದಿಸಿದವನ ಮೇಲೂ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ. ಅನುಮೋದಿಸಿದವನನ್ನು ಒಂದು ವರ್ಷದವರೆಗೆ ಆ ಕೆಲಸದಿಂದಲೇ ನಿಷೇಧಿಸಲೂಬಹುದು. ಹಣವನ್ನೋ ಉಡುಗೊರೆಯನ್ನೋ ಪಡೆದು ಹೇಳುವ ಪ್ರಭಾವಿಗಳು ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಜನವರಿಯಲ್ಲಿ ನಿರ್ದೇಶಿಸಿದೆ. ಚಲಚ್ಚಿತ್ರವಾದರೆ ಬರಹದಲ್ಲಿಯೂ ಮಾತಿನಲ್ಲಿಯೂ ತಿಳಿಸತಕ್ಕದ್ದು. ಅಂಗಡಿತಾಣಗಳಲ್ಲಿ ಗ್ರಾಹಕರ ಹೆಸರಿನಿಂದ ಬರುವ ಕೃತಕ ಅಭಿಪ್ರಾಯಗಳನ್ನು ತಡೆಯಲೆಂದು 2022ರಲ್ಲಿ ಭಾರತೀಯ ಮಾನಕ ಸಂಸ್ಥೆಯು ಒಂದು ಮಾನಕವನ್ನೂ ಹೊರಡಿಸಿತು.

ಆದರೆ ಶಾಸನವು ಬೀದಿಯ ದೀಪ. ಮನೆಯ ದೀಪವನ್ನು ನಾವೇ ಹಚ್ಚಬೇಕು. ಆದುದರಿಂದ ಗೃಹಸ್ಥರಿಗೂ ಗೃಹಿಣಿಯರಿಗೂ ನಾಲ್ಕು ಮಾತುಗಳನ್ನು ಬಿನ್ನವಿಸುತ್ತೇವೆ. ಮೊದಲನೆಯದು, ಯಾರಾದರೂ ವಸ್ತುವನ್ನು ಹೊಗಳಿದರೆ ಇವರಿಗೆ ಇದರಿಂದ ಲಾಭವೇನೆಂದು ಕೇಳಿಕೊಳ್ಳಿರಿ. ಎರಡನೆಯದು, ಮನಸ್ಸು ಎಳೆದ ಕೂಡಲೇ ಕೊಳ್ಳದೆ ಒಂದು ರಾತ್ರಿ ಕಳೆಯಗೊಡಿರಿ. ‘ಇನ್ನು ಎರಡೇ ಗಂಟೆ’ ಎಂದು ಅವಸರಪಡಿಸುವ ವರ್ತಕನು ನಿಮ್ಮ ವಿವೇಕಕ್ಕೆ ಹೆದರುವವನು. ಮೂರನೆಯದು, ಪ್ರಕಟನೆಯ ಮೂಲೆಯಲ್ಲಿರುವ ಚುಕ್ಕೆಗಳನ್ನು ಒತ್ತಿದರೆ ಇದು ನನಗೇಕೆ ಕಾಣುತ್ತಿದೆ ಎಂಬುದಕ್ಕೆ ಫೇಸ್‌ಬುಕ್ಕಿನಲ್ಲಿ ಉತ್ತರ ಸಿಕ್ಕುತ್ತದೆ. ಮಕ್ಕಳಿಗೂ ಅದನ್ನು ತೋರಿಸಿರಿ. ನಾಲ್ಕನೆಯದು, ಸರಕಿನಲ್ಲಿ ಮೋಸವಾದರೆ 1915, ಹಣವೇ ವಂಚಕರ ಪಾಲಾದರೆ 1930, ಈ ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆದಿಡಿರಿ. ನಾಚಿಕೆಯಿಂದ ತಡಮಾಡಿದಷ್ಟೂ ಹಣ ದೂರವಾಗುತ್ತದೆ.

ಜಾಲತಾಣದಲ್ಲಿ ಮಾರುವ ನಮ್ಮ ಮಕ್ಕಳಿಗೂ ಒಂದು ಮಾತುಂಟು. ಆ ಹಪ್ಪಳದ ತಾಯಿಯು ಮಳೆಗಾಲದಲ್ಲಿ, ‘ಈ ವಾರ ಬಿಸಿಲಿಲ್ಲ, ಸಂಡಿಗೆ ಚೆನ್ನಾಗಿ ಒಣಗಿಲ್ಲ, ಕಳುಹಿಸುವುದಿಲ್ಲ’ ಎಂದು ತಾನೇ ಬರೆಯುತ್ತಾಳೆ. ಒಂದು ವಾರದ ಸಂಪಾದನೆ ಅವಳಿಗೆ ತಪ್ಪುತ್ತದೆ. ಆದರೆ ಮುಂದಿನ ವಾರ ಅವಳು, ‘ಈಗ ಚೆನ್ನಾಗಿದೆ’ ಎಂದರೆ ಬೇರೆ ಸಾಕ್ಷಿಯನ್ನು ಯಾರೂ ಕೇಳುವುದಿಲ್ಲ. ಆಪ್ತಲಕ್ಷಣವೆಂದರೆ ಅದೇ.